ಕಟ್ಟಿಸಿದವರು ಮತ್ತು ಕಟ್ಟಿದವರು

ಕಲ್ಲಿನ ಕೋಟೆ ಹಾಳಾದರೂ ಅದಕ್ಕೊಂದು ಗೌರವ ಉಳಿದಿರುತ್ತದೆ. ಮುರಿದ ಬುರುಜನ್ನು ನೋಡಲು ಜನ ಬರುತ್ತಾರೆ. ಸರ್ಕಾರ ಒಂದು ಫಲಕವನ್ನಾದರೂ ನೆಡಿಸುತ್ತದೆ. ಮಣ್ಣಿನ ಕೋಟೆಗೆ ಈ ಭಾಗ್ಯವಿಲ್ಲ. ಮಳೆಗೆ ಕರಗಿ, ಮೇಲೆ ಹುಲ್ಲು ಬೆಳೆದು, ಕೆಲವು ತಲೆಮಾರುಗಳಲ್ಲಿ ಅದು ಬರಿಯ ದಿಣ್ಣೆಯಾಗುತ್ತದೆ. ಸುತ್ತಣ ಕಂದಕ ಹೂತು ತಗ್ಗಿನ ಹೊಲವಾಗುತ್ತದೆ. ಹಾಳುಮಣ್ಣು ಪೈರಿಗೆ ಒಳ್ಳೆಯದೆಂದು ರೈತ ಅಲ್ಲಿಂದ ಗಾಡಿಗಟ್ಟಲೆ ಮಣ್ಣು ಸಾಗಿಸುತ್ತಾನೆ. ಅವನು ಮಾಡುವುದು ತಪ್ಪೆ? ತಪ್ಪಾದರೆ, ಯಾರಿಗೆ ಮಾಡಿದ ತಪ್ಪು?

ನಮ್ಮ ಸೀಮೆಯ ಹೆಸರಾಂತ ಕೋಟೆಗಳಲ್ಲಿ ಹಲವು ಮೊದಲು ಮಣ್ಣಿನವೇ. ದೇವನಹಳ್ಳಿಯಲ್ಲಿ ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಕೆಂಪೇಗೌಡ 1537ರಲ್ಲಿ ಬೆಂಗಳೂರಿಗೆ ಕಟ್ಟಿಸಿದ್ದೂ ಮಣ್ಣಿನ ಕೋಟೆ. ಇವು ಕಲ್ಲಿನ ರೂಪ ಪಡೆದದ್ದು ಹೈದರಾಲಿಯ ಮತ್ತು ಅವನ ಮಗನ ಕಾಲದಲ್ಲಿ. ಮಣ್ಣೆಂದು ಹಗುರಾಗಿ ಕಾಣಬೇಕಾಗಿಲ್ಲ. ಕಲ್ಲು ತೋಪಿನ ಗುಂಡಿಗೆ ಸಿಡಿದು ಉದುರುತ್ತದೆ; ಮಣ್ಣು ಗುಂಡನ್ನೇ ನುಂಗಿಕೊಳ್ಳುತ್ತದೆ. 1805ರಲ್ಲಿ ಭರತಪುರದ ಮಣ್ಣಿನ ಕೋಟೆಯ ಮೇಲೆ ಲಾರ್ಡ್ ಲೇಕ್ ನಾಲ್ಕು ಸಲ ಏರಿಹೋಗಿ ನಾಲ್ಕು ಸಲವೂ ಹಿಮ್ಮೆಟ್ಟಿದ.

ಮೇಲೆ ನಾನು ‘ಕಟ್ಟಿಸಿದ’ ಎಂದೆ. ಕನ್ನಡ ವ್ಯಾಕರಣದ ಪ್ರಾಮಾಣಿಕತೆಯನ್ನು ಇಲ್ಲಿ ಮೆಚ್ಚಬೇಕು. ಕಟ್ಟಿದವನು ಬೇರೆ, ಕಟ್ಟಿಸಿದವನು ಬೇರೆ ಎಂಬುದನ್ನು ‘ಇಸು’ ಎಂಬ ಪುಟ್ಟ ಪ್ರತ್ಯಯ ಒಪ್ಪಿಕೊಂಡುಬಿಡುತ್ತದೆ. ಚರಿತ್ರೆಗೆ ಮಾತ್ರ ಈ ಪ್ರಾಮಾಣಿಕತೆ ಅರ್ಧದಷ್ಟೇ ಇದೆ. ಕಟ್ಟಿಸಿದವನ ಹೆಸರನ್ನು ಅದು ಬರೆದಿಡುತ್ತದೆ. ಕಟ್ಟಿದವರನ್ನು ಪ್ರತ್ಯಯದೊಳಗೇ ಅಡಗಿಸಿಬಿಡುತ್ತದೆ.

ಮಣ್ಣಿನ ಕೋಟೆಯ ಕೆಲಸ ಸರಳವಾದದ್ದು, ಆದ್ದರಿಂದಲೇ ಕಠಿಣವಾದದ್ದು. ಕಂದಕ ತೋಡಬೇಕು, ತೋಡಿದ ಮಣ್ಣನ್ನು ಒಳಬದಿಗೆ ಹಾಕಿ ತುಳಿದು ಗೋಡೆ ಎಬ್ಬಿಸಬೇಕು. ಹೊರಗೆ ಎಷ್ಟು ಆಳವೋ ಒಳಗೆ ಅಷ್ಟು ಎತ್ತರ. ಇದರಲ್ಲಿ ಶಿಲ್ಪಿಯ ಉಳಿಯಿಲ್ಲ. ಇರುವುದು ಗುದ್ದಲಿ, ಮಕ್ಕರಿ, ಮನುಷ್ಯನ ತಲೆ. ಶಿಲ್ಪಿಯಾದರೂ ಕಲ್ಲಿನ ಮೂಲೆಯಲ್ಲಿ ತನ್ನ ಹೆಸರನ್ನು ಕೊರೆಯಬಹುದು. ಮಕ್ಕರಿ ಹೊತ್ತವಳು ಮಣ್ಣಿನ ಮೇಲೆ ಏನು ಬರೆಯಬಲ್ಲಳು? ಆ ದಿಣ್ಣೆಯೇ ಅವಳ ಶಾಸನ.

ಹೀಗೆ ನೋಡಿದಾಗ ರೈತನ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಕೋಟೆಯ ಮಣ್ಣು ಮೊದಲು ಊರಿನದೇ; ಹೊತ್ತವರು ಬಹುಶಃ ಅವನ ಹಿರಿಯರೇ. ಅರಸನ ಭಯಕ್ಕಾಗಿ ಮೇಲೆದ್ದ ಮಣ್ಣು ಮಕ್ಕಳ ಅನ್ನಕ್ಕಾಗಿ ಹೊಲಕ್ಕೆ ಮರಳುವುದಾದರೆ ಅದರಲ್ಲಿ ಅನ್ಯಾಯವೇನು? ಬದುಕಿರುವವರ ಹಸಿವಿಗಿಂತ ಸತ್ತವರ ನೆನಪು ದೊಡ್ಡದೆಂದು ನಾನು ಹೇಳಲಾರೆ. ಆದರೆ ಒಂದು ಅಳುಕು ಉಳಿಯುತ್ತದೆ. ಹೆಸರಿಲ್ಲದವರು ಬಿಟ್ಟುಹೋದ ಒಂದೇ ಗುರುತನ್ನು, ಅದು ಗುರುತೆಂದೂ ತಿಳಿಯದೆ, ನಾವು ಅಳಿಸುತ್ತಿದ್ದೇವೆ.

ಇದು ಹಳೆಯ ಕಾಲದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಹೈದರಾಲಿ ಹುಟ್ಟಿದ ಬೂದಿಕೋಟೆ ಇರುವುದು ಬಂಗಾರಪೇಟೆಯ ಬಳಿ. ಅಲ್ಲಿಂದ ಕೋಲಾರ ಚಿನ್ನದ ಗಣಿಯ ಕಡೆಗೆ ಹೊರಟರೆ ದೂರದಿಂದಲೇ ಬೂದುಬಣ್ಣದ, ಚಪ್ಪಟೆ ನೆತ್ತಿಯ ದಿಬ್ಬಗಳು ಕಾಣುತ್ತವೆ. ಹೊಸಬರು ಅವನ್ನು ಯಾವುದೋ ಕೋಟೆಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೆಲಸಕ್ಕೆ ಕೈಹಾಕಿದಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಇಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಚಾಂಪಿಯನ್ ರೀಫ್‌ನಲ್ಲಿ ಸುಮಾರು 3,200 ಮೀಟರ್ ಆಳಕ್ಕೆ ಮನುಷ್ಯರು ಇಳಿದರು. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಮಣ್ಣೇ ಈ ದಿಬ್ಬಗಳು. ಇಲ್ಲಿಯೂ ಕೆಳಗಿನ ಆಳವೇ ಮೇಲಿನ ಎತ್ತರವಾಗಿದೆ. ಇಲ್ಲಿಯೂ ‘ತೆಗೆಸಿದವರ’ ಹೆಸರುಂಟು: ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದು ಇಳಿದು ತೆಗೆದವರ ಹೆಸರಿನ ಪೇಟೆ ಯಾವುದು?

2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಇಂತಹ 13 ದಿಬ್ಬಗಳಲ್ಲಿ ಮತ್ತೆ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಅವು ಸಾವಿರ ಎಕರೆಗೂ ಮಿಗಿಲಾದ ನೆಲದಲ್ಲಿ ಹರಡಿವೆ. ಮಣ್ಣು ಸುಮಾರು 3.3 ಕೋಟಿ ಟನ್. ಗಾಳಿ ಬೀಸಿದರೆ ಆ ಧೂಳು ಮನೆಗಳ ಒಳಗೆ ಬರುತ್ತದೆ. ಗಣಿ ಮುಚ್ಚಿದ ಮೇಲೆ ಕೆಲಸಕ್ಕಾಗಿ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವ ಮಕ್ಕಳು ಆ ಮನೆಗಳಲ್ಲಿದ್ದಾರೆ. ದಿಬ್ಬ ಕರಗಿ ಅವರಿಗೆ ಊರಲ್ಲೇ ದುಡಿಮೆ ಸಿಗುವುದಾದರೆ, ನೆನಪಿನ ಹೆಸರಿನಲ್ಲಿ ಅದನ್ನು ತಡೆಯುವುದು ನಿಷ್ಕರುಣೆಯಾದೀತು. ಧೂಳು ಕುಡಿಯುವವರಿಗೆ ಸ್ಮಾರಕದ ಸೊಬಗನ್ನು ಬೋಧಿಸುವ ಅಧಿಕಾರ ನನಗಾಗಲಿ ನಿಮಗಾಗಲಿ ಇಲ್ಲ.

ಹಾಗೆಂದ ಮಾತ್ರಕ್ಕೆ ನಮ್ಮ ಋಣ ತೀರಲಿಲ್ಲ. ಮಣ್ಣನ್ನು ಬಳಸುವ ಹಕ್ಕು ಬದುಕಿರುವವರದು. ಮರೆಯುವ ಹಕ್ಕು ಮಾತ್ರ ಯಾರದೂ ಅಲ್ಲ. ಕೋಟೆದಿಣ್ಣೆಯಿಂದ ಮಣ್ಣು ತೆಗೆಯುವ ಮೊದಲು ಅದರ ಉದ್ದ, ಅಗಲ, ಕಂದಕದ ಆಳಗಳನ್ನು ಅಳೆದು ಬರೆದಿಡೋಣ. ಒಂದು ಮಗ್ಗುಲನ್ನು ಮುಟ್ಟದೆ ಬಿಡೋಣ. ಸೈನೈಡ್ ದಿಬ್ಬಗಳ ಮಣ್ಣಿನಿಂದ ಇನ್ನಷ್ಟು ಚಿನ್ನ ಹೊರಟರೆ, ಅದರ ಮೊದಲ ಪಾಲು ಆ ಮಣ್ಣನ್ನು ಮೇಲಕ್ಕೆ ತಂದವರ ಮನೆಗೆ ಹೋಗಲಿ. ಗಣಿಯಲ್ಲಿ ಸತ್ತವರ ಹೆಸರುಗಳನ್ನು ಒಂದು ಕಲ್ಲಿನ ಮೇಲೆ ಕೊರೆಯಲಿ. ಕಟ್ಟಿಸಿದವರಿಗೆ ಕಲ್ಲು ಬೇಕಾದಷ್ಟು ಸಿಕ್ಕಿದೆ. ಕಟ್ಟಿದವರಿಗೂ ಒಂದಿಷ್ಟು ಸಲ್ಲಲಿ.