ತಿಪ್ಪೆ ಯಾರದು?

‘ತಿಪ್ಪೆ ಸಾರಿಸುವುದು’ ಎಂಬ ಮಾತನ್ನು ನಾವೆಲ್ಲರೂ ಬಲ್ಲೆವು. ಒಳಗಿನ ಹುಳುಕನ್ನು ಹಾಗೆಯೇ ಬಿಟ್ಟು ಮೇಲಷ್ಟೇ ನಯ ಮಾಡಿ ಮುಗಿಸುವವರನ್ನು ಕುರಿತು ಹಿರಿಯರು ಆಡಿದ ಮಾತು ಅದು. ಆದರೆ ನಾವು ನೆಲೆಸಿರುವ ಈ ಹೈದರಾಬಾದಿನಲ್ಲಿ ಒಂದು ತಿಪ್ಪೆಯನ್ನು ನಿಜವಾಗಿಯೂ ಸಾರಿಸಿದ್ದಾರೆ. ಊರಿನ ಈಶಾನ್ಯಕ್ಕಿರುವ ಜವಾಹರನಗರದಲ್ಲಿ ವರ್ಷಗಟ್ಟಲೆ ಸುರಿದ ಕಸ ಗುಡ್ಡವಾಗಿ ಬೆಳೆದ ಮೇಲೆ ಅದಕ್ಕೆ ಮಣ್ಣು ಮುಚ್ಚಿ, ಹಾಳೆ ಹೊದಿಸಿ, ಮೇಲೆ ಹಸಿರು ಬೆಳೆಸಿದರು. ಅದು ಅಗತ್ಯವಾದ ಕೆಲಸವೇ. ನಾವು ಅದನ್ನು ಹಾಸ್ಯ ಮಾಡುವುದಿಲ್ಲ. ಆದರೆ ಆ ಗುಡ್ಡದಿಂದ ಒಸರಿದ ಕಪ್ಪು ನೀರು ಪಕ್ಕದ ಮಲ್ಕಾರಂ ಕೆರೆಯನ್ನು ಕೆಡಿಸಿತು. ದಮ್ಮಾಯಿಗೂಡ, ನಾಗಾರಂ ಕಡೆಯ ಜನ ದುರ್ನಾತವನ್ನು ಸಹಿಸಬೇಕಾಯಿತು. ಹೀಗಿರುವಾಗ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತದೆ: ಆ ತಿಪ್ಪೆ ಯಾರದು?

ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಬಂದ ನಮ್ಮಲ್ಲಿ ಬಹಳ ಮಂದಿಗೆ ಊರಿನ ತಿಪ್ಪೆಯ ನೆನಪಿದೆ. ಅದಕ್ಕೆ ಒಡೆಯನಿದ್ದ. ಇಂಥವರ ತಿಪ್ಪೆ ಎಂದು ಕೈ ತೋರಿಸಬಹುದಾಗಿತ್ತು. ಸಗಣಿ, ಬೂದಿ, ಮುಸುರೆ, ಕಸಕಡ್ಡಿ ಎಲ್ಲವೂ ಅಲ್ಲಿ ಕೊಳೆತು, ಮಳೆಗೆ ಮುಂಚೆ ಗಾಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಹಾಗೆಂದು ನಾವು ಹಳ್ಳಿಯನ್ನು ಹೊಗಳುತ್ತ ಕೂರುವುದು ಸರಿಯಲ್ಲ. ಹೊಲಸು ಎತ್ತುವ ಕೆಲಸವನ್ನು ಹುಟ್ಟಿನ ಮೇಲೆ ಹಂಚಿಟ್ಟ ಪಾಪ ಅಲ್ಲಿಯೂ ಇತ್ತು. ಆದರೂ ತನ್ನ ಮನೆಯ ಕಸ ತನ್ನದು ಎಂಬ ತಿಳಿವಳಿಕೆಯೊಂದು ಅಲ್ಲಿ ಉಳಿದಿತ್ತು. ನಗರದಲ್ಲಿ ನಾವು ಕಳೆದುಕೊಂಡದ್ದು ಅದನ್ನೇ.

ಕಾನೂನು ಇದನ್ನು ಮತ್ತೆ ಕಲಿಸಲು ನೋಡಿದೆ. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲರು ಊರುಗಳ ಕಸದ ದುರವಸ್ಥೆಯನ್ನು ಕುರಿತು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2000ದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ಬಂದವು. 2015ರಲ್ಲಿ ಹೈದರಾಬಾದಿನ ಮನೆಮನೆಗೆ ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಬುಟ್ಟಿ ಹಂಚಿದರು. 2016ರ ನಿಯಮಗಳು ಹಸಿ, ಒಣ ಮತ್ತು ಅಪಾಯಕಾರಿ ಎಂದು ಮೂರು ಬಗೆಯಾಗಿ ಬೇರ್ಪಡಿಸುವ ಹೊಣೆಯನ್ನು ಮನೆಯವರ ಮೇಲೆಯೇ ಇಟ್ಟವು. 5,000 ಚದರ ಮೀಟರಿಗಿಂತ ದೊಡ್ಡ ಆವರಣಗಳು ತಮ್ಮ ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮಲ್ಲಿಯೇ ಗೊಬ್ಬರವಾಗಿಸಬೇಕು, ಇಲ್ಲವೇ ಅದರಿಂದ ಅನಿಲ ತೆಗೆಯಬೇಕು ಎಂದವು. ಹಸಿರು ಬುಟ್ಟಿ ಎಷ್ಟೋ ಮನೆಗಳಲ್ಲಿ ಅಕ್ಕಿ ತುಂಬಿಡಲು, ನೀರು ಹಿಡಿಯಲು ಬಳಕೆಯಾಯಿತು. ‘ಸಾಧ್ಯವಾದಷ್ಟೂ’ ಎಂಬ ಮಾತು ಕಿಂಡಿಯಂತೆ ತೆರೆದೇ ಉಳಿಯಿತು. ಸಾಧ್ಯವೋ ಅಲ್ಲವೋ ಎಂದು ಹೇಳುವವರು ಯಾರು? ಅಲ್ಲಿಗೆ ಕಾನೂನಿನ ಕೈ ಮುಗಿದು ಮನಸ್ಸಾಕ್ಷಿಯ ಕೆಲಸ ಶುರುವಾಗುತ್ತದೆ.

ನಮ್ಮ ವಸತಿ ಸಮುಚ್ಚಯದಲ್ಲಿ ನಡೆದ ಒಂದು ಘಟನೆಯನ್ನು ಹೇಳಲೇಬೇಕು. ಒಂದು ಬೆಳಿಗ್ಗೆ ಕಸ ಬೇರ್ಪಡಿಸುತ್ತಿದ್ದ ಹೆಂಗಸಿನ ಅಂಗೈಯನ್ನು ಅನ್ನ, ತರಕಾರಿ ಸಿಪ್ಪೆಗಳ ನಡುವೆ ಅಡಗಿದ್ದ ಒಡೆದ ಗಾಜಿನ ಲೋಟ ಸೀಳಿತು. ಆಕೆ ಬಯ್ಯಲಿಲ್ಲ, ಅಳಲಿಲ್ಲ. ರಕ್ತ ಸುರಿಯುವ ಕೈಯನ್ನು ಸೆರಗಿನಲ್ಲಿ ಒತ್ತಿ ಹಿಡಿದು ತೆಲುಗಿನಲ್ಲಿ ಒಂದೇ ಮಾತು ಕೇಳಿದಳು: “ಇದು ಯಾರ ಮನೆಯದು?” ಅಲ್ಲಿ ನಿಂತಿದ್ದ ನಾವಾರೂ ಉತ್ತರ ಕೊಡಲಿಲ್ಲ. ಸುಳ್ಳು ಹೇಳಿದೆವೆಂದಲ್ಲ, ನಮಗೆ ಗೊತ್ತೇ ಇರಲಿಲ್ಲ. ಆ ಲೋಟ ನಮ್ಮದಿರಬಹುದು, ಪಕ್ಕದವರದಿರಬಹುದು. ಎಲ್ಲರ ಕಸ ಬೆರೆತು ಹೋದ ಮೇಲೆ ಅಪರಾಧಕ್ಕೂ ಹೆಸರು ಉಳಿಯುವುದಿಲ್ಲ. ಆಕೆಯ ಕೈಗೆ ಪಟ್ಟಿ ಕಟ್ಟಿಸಿ, ಔಷಧಿಗೆ ದುಡ್ಡು ಕೊಟ್ಟು ನಾವು ಒಳಗೆ ಬಂದೆವು. ಅದೂ ಒಂದು ಬಗೆಯ ತಿಪ್ಪೆ ಸಾರಿಸುವಿಕೆಯೇ ಆಗಿತ್ತು.

‘ನಾವು ತೆರಿಗೆ ಕೊಡುತ್ತೇವೆ, ಕಸ ಎತ್ತುವುದು ನಗರಪಾಲಿಕೆಯ ಕೆಲಸ’ ಎಂಬ ವಾದವಿದೆ. ಅದರಲ್ಲಿ ನ್ಯಾಯವೂ ಇದೆ. ಆದರೆ ತೆರಿಗೆಯಿಂದ ನಾವು ಕೊಳ್ಳುವುದು ಸಾಗಣೆಯನ್ನು, ಇನ್ನೊಬ್ಬರ ಅಂಗೈಯನ್ನಲ್ಲ. ‘ನಾವು ಬೇರ್ಪಡಿಸಿದರೂ ಗಾಡಿಯವರು ಮತ್ತೆ ಬೆರೆಸುತ್ತಾರೆ’ ಎಂಬುದು ಇನ್ನೊಂದು ವಾದ. ಹಲವು ಕಡೆ ಇದು ನಿಜ. ಆದರೆ ಇನ್ನೊಬ್ಬರು ತಪ್ಪುತ್ತಾರೆಂದು ನಮ್ಮ ಕರ್ತವ್ಯ ತೀರಿತೆಂದರೆ ಜಗತ್ತಿನಲ್ಲಿ ಯಾವ ಕರ್ತವ್ಯವೂ ಉಳಿಯದು. ಅಲ್ಲದೆ, ಮನೆಯಲ್ಲೇ ಗೊಬ್ಬರವಾದ ಸಿಪ್ಪೆಯನ್ನು ಯಾವ ಗಾಡಿಯೂ ಬೆರೆಸಲಾರದು.

ಕಸವನ್ನು ಒಂದೂರಿನಿಂದ ಇನ್ನೊಂದೂರಿಗೆ ತಳ್ಳುವುದು ಪರಿಹಾರವಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಬೆಂಗಳೂರಿನ ಕಸದಿಂದ ಬೇಸತ್ತ ಮಂಡೂರಿನ ಜನ ಹೋರಾಡಿದರು. 2014ರ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ಆದರೆ ಲಾರಿಗಳು ನಿಲ್ಲಲಿಲ್ಲ. ಬೇರೆ ಹಳ್ಳಿಗಳ ದಾರಿ ಹಿಡಿದವು. ಒಬ್ಬರ ಅಂಗಳ ಶುದ್ಧವಾಗಲು ಇನ್ನೊಬ್ಬರ ಕೆರೆ ಕೆಡಬೇಕೆಂದರೆ ಅದನ್ನು ಶುದ್ಧಿ ಎನ್ನಬಹುದೇ? ಮಡಿ ಮೈಲಿಗೆಗಳ ವಿಚಾರವನ್ನು ಅಷ್ಟು ಸೂಕ್ಷ್ಮವಾಗಿ ಮಾಡಿದ ನಾವು ಈ ಒಂದು ಪ್ರಶ್ನೆಯನ್ನು ಹೊಸ್ತಿಲಾಚೆಯೇ ಬಿಟ್ಟೆವು.

ಗೊಬ್ಬರದ ವಿದ್ಯೆ ನಮಗೆ ಹೊರಗಿನದೇನಲ್ಲ. ಊರಿನ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮಣ್ಣು ಮೆತ್ತಿ, ಕೆಲವು ತಿಂಗಳು ಬಿಟ್ಟು ಗೊಬ್ಬರ ಮಾಡುವ ಕ್ರಮವೊಂದು ಲೋಕದಲ್ಲೆಲ್ಲ ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾಗಿದೆ. ಮನೆಯಲ್ಲಿ ಇನ್ನೂ ಸುಲಭ: ಅಡಿಯಲ್ಲಿ ಮತ್ತು ಬದಿಗಳಲ್ಲಿ ತೂತುಗಳಿರುವ ದೊಡ್ಡ ಮಣ್ಣಿನ ಕುಂಡ, ಒಂದು ಪದರ ಸಿಪ್ಪೆ, ಒಂದು ಪದರ ಒಣ ಎಲೆ, ಆಗಾಗ ಕೈಯಾಡಿಸುವುದು. ಒದ್ದೆ ಹೆಚ್ಚಾಗಿ ಗಾಳಿ ಕಡಿಮೆಯಾದರೆ ನಾರುತ್ತದೆ. ಇನ್ನಷ್ಟು ಒಣ ಎಲೆ ಹಾಕಿದರೆ ಸರಿಹೋಗುತ್ತದೆ. ಎರಡು ಮೂರು ತಿಂಗಳಿಗೆ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಕೈಗೆ ಬರುತ್ತದೆ.

ಇಷ್ಟರಿಂದ ಜವಾಹರನಗರದ ಗುಡ್ಡ ಕರಗುವುದೇ ಎಂದು ಕೇಳಬಹುದು. ಕರಗುವುದಿಲ್ಲ. ಆದರೆ ಆ ಹೆಣ್ಣುಮಗಳು ಕೇಳಿದ ಪ್ರಶ್ನೆಗೆ ಇಂದಿನ ಮಟ್ಟಿಗಾದರೂ ನಮ್ಮಲ್ಲಿ ಉತ್ತರವಿರುತ್ತದೆ. ಈಗ ಗಾಜು ಒಡೆದರೆ ಅದನ್ನು ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ತೆಲುಗಿನಲ್ಲಿ ಬರೆದು, ನಾವೇ ಕೆಳಗಿಳಿದು ಆಕೆಯ ಕೈಗೆ ಕೊಡುತ್ತೇವೆ. ಆಗ ಆಕೆ “ಯಾರದು?” ಎಂದು ಕೇಳಬೇಕಾಗಿಲ್ಲ. ನಮ್ಮದು ಎಂದು ಹೇಳಲು ನಾವು ಅಲ್ಲಿ ನಿಂತಿರುತ್ತೇವೆ.