ಪುಕ್ಕಟೆ ಬೀಜ, ಮನೆ ಬೀಜ

ಒಂದು ಆ್ಯಪ್ ಅಥವಾ ಸಾಫ್ಟ್‌ವೇರ್ ಆಯ್ಕೆ ಮಾಡೋದು ನೈತಿಕ ಪ್ರಶ್ನೆ ಆಗುತ್ತಾ? ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಎತ್ತಿದ್ರೆ ಗೆಳೆಯರು ನಗ್ತಾರೆ. "ನನ್ನ ಫೋನು, ನನ್ನ ದುಡ್ಡು, ಯಾವುದು ಸುಲಭವೋ ಅದು" ಅನ್ನೋದು ಅವರ ವಾದ. ಫೋಟೋ ತಿದ್ದೋಕೆ ನಾನು ಯಾವ ಆ್ಯಪ್ ಬಳಸಿದ್ರೂ ಯಾರಿಗೂ ನಷ್ಟ ಇಲ್ಲ, ಅಲ್ಲಿಗೆ ಅವರು ಹೇಳೋದು ಸರಿ. ಆದ್ರೆ ಕೆಲವು ಆಯ್ಕೆಗಳು ನಮ್ಮೊಬ್ಬರದ್ದಾಗಿ ಉಳಿಯೋದಿಲ್ಲ. ಕನ್ನಡದ ಫಾಂಟುಗಳ ಕಥೆಯನ್ನೇ ನೋಡಿ.

ನಮ್ಮ ಸಿಂದಗಿಯಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಅರ್ಜಿ ಎಲ್ಲವೂ ವರ್ಷಗಟ್ಟಲೆ ಟೈಪ್ ಆಗಿದ್ದು ಯೂನಿಕೋಡ್ ಅಲ್ಲದ ಹಳೇ ಫಾಂಟುಗಳಲ್ಲಿ. ಅವುಗಳ ಉಪಾಯ ಸರಳ: ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸೋದು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಹಳೇ ‘ನುಡಿ’ ಫಾಂಟಿನ ಫೈಲನ್ನು ಆ ಫಾಂಟ್ ಇಲ್ಲದ ಕಡೆ ತೆರೆದ್ರೆ ‘ನ’ ಇರಬೇಕಾದ ಜಾಗದಲ್ಲಿ ಪೌಂಡಿನ ಚಿಹ್ನೆ ಕೂತಿರುತ್ತೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದ್ರೆ ಅಂಗಡಿಯವರ ಕೈಯಲ್ಲಿದ್ದ ಪೇಜ್‌ಮೇಕರ್‌ಗೆ ಆ ಕನ್ನಡ ಬರ್ತಿರಲಿಲ್ಲ. ಹೀಗಾಗಿ ಟೈಪ್ ಮಾಡಿದವರ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ಆದ್ರೂ ಅವರು ಟೈಪ್ ಮಾಡಿದ್ದನ್ನ ಇವತ್ತು ಹುಡುಕಿ ಓದಬೇಕಾದವರು ಪರದಾಡ್ತಾ ಇದ್ದಾರೆ.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂತು. ಎರಡೂ ಪುಕ್ಕಟೆ. ನಮ್ಮ ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡ ಬರೆಯೋಕೆ ಶುರು ಮಾಡಿದ್ದೇ ಇವುಗಳಿಂದ, ಆ ಋಣ ದೊಡ್ಡದು. ಮುಂದೆ ‘ಬರಹ’ದ ಹೊಸ ಆವೃತ್ತಿಗಳಿಗೆ ದುಡ್ಡು ಕೊಡಬೇಕಾಯ್ತು. ದುಡಿದವರು ಕೂಲಿ ಕೇಳೋದರಲ್ಲಿ ತಪ್ಪೇನಿಲ್ಲ. ಆದ್ರೆ ಪುಕ್ಕಟೆ ಬೇರೆ, ಮುಕ್ತ ಬೇರೆ ಅನ್ನೋದು ಇಲ್ಲೇ ತಿಳಿಯೋದು. ಬೆಲೆ ಇಲ್ಲದ್ದು ಪುಕ್ಕಟೆ. ಮೂಲ ಕೋಡ್ ಓದಿ, ತಿದ್ದಿ, ಇನ್ನೊಬ್ಬರಿಗೆ ಹಂಚೋ ಹಕ್ಕು ಇದ್ರೆ ಅದು ಮುಕ್ತ.

ನಮ್ಮಪ್ಪಗೆ ಇದನ್ನ ಬಿಡಿಸಿ ಹೇಳಿದಾಗ ಅವನಿಗೆ ಹೊಸದೇನೂ ಅನ್ನಿಸಲಿಲ್ಲ. "ತಮ್ಮಾ, ಇದು ಬೀಜದ ಮಾತ ಆತಲ್ಲ" ಅಂದ. "ಮಾಲ್ದಂಡಿ ಜ್ವಾಳ ಬೆಳದ್ರ ಅದರಾಗಿಂದನ ಮುಂದಿನ ವರ್ಷಕ್ಕ ಬೀಜ ತಗದ ಇಡ್ತೀವಿ, ಬಾಜೂ ಹೊಲದವರಿಗೂ ಕೊಡ್ತೀವಿ. ಹೈಬ್ರಿಡ್ ಬಿತ್ತಿದ್ರ ವರ್ಷಾ ವರ್ಷಾ ಅಂಗಡಿಗಿ ಹೋಗೂದು ತಪ್ಪಂಗಿಲ್ಲ." ಇಳುವರಿ ಜಾಸ್ತಿ ಅಂತ ಅವನೂ ಗೋವಿನಜೋಳಕ್ಕೆ ಹೈಬ್ರಿಡ್ ಬೀಜವನ್ನೇ ತರ್ತಾನೆ. ಹಾಗಂತ ಮನೆ ಬೀಜ ಕಟ್ಟಿಡೋದನ್ನ ಬಿಟ್ಟಿಲ್ಲ.

ಮುಚ್ಚಿಟ್ಟಿದ್ದನ್ನ ತೆರೆದು ಹಂಚೋ ಕೆಲಸ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಪಕ್ಕದ ತಾಲೂಕು. ಎಷ್ಟೋ ವಚನಗಳು ಮಠ ಮನೆಗಳ ಜಗಲಿಯ ಮೇಲೆ ಓಲೆಗರಿಯ ಕಟ್ಟುಗಳಾಗಿ ಕೂತಿದ್ದವು. ಪೂಜೆ ನಡೀತಿತ್ತು, ಓದೋರು ಕಡಿಮೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅವನ್ನ ಹುಡುಕಿ ಹುಡುಕಿ ಕೂಡಿಸಿದರು. ಅಚ್ಚು ಹಾಕಿಸೋಕೆ ಮನೆ ಮಾರಿ, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ಶುರು ಮಾಡಿದರು. ನಮ್ಮ ಕಾಲದಲ್ಲಿ ‘ವಚನ ಸಂಚಯ’ದ ಸ್ವಯಂಸೇವಕರು 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿನಲ್ಲಿ ಎಲ್ಲರ ಕೈಗೂ ಇಟ್ಟಿದ್ದಾರೆ. ಒಂದು ಪದ ಯಾರ್ಯಾರ ವಚನದಲ್ಲಿ ಬಂದಿದೆ ಅಂತ ಈಗ ಯಾವ ವಿದ್ಯಾರ್ಥಿಯಾದ್ರೂ ನಿಮಿಷದಲ್ಲಿ ಹುಡುಕಬಹುದು.

ಹಾಗಾದ್ರೆ ವಾಟ್ಸ್ಯಾಪ್ ಬಿಟ್ಟುಬಿಡಬೇಕಾ? ಅವ್ವನ ಜೊತೆ ದಿನಾ ವಿಡಿಯೋ ಕಾಲ್ ಮಾಡೋದು ನಾನೂ ಅದರಲ್ಲೇ. ಮಡಿವಂತಿಕೆಯಿಂದ ಯಾರ ಹೊಟ್ಟೆಯೂ ತುಂಬೋದಿಲ್ಲ, ಮುಕ್ತ ಸಾಫ್ಟ್‌ವೇರ್ ಎಷ್ಟೋ ಸಲ ಬಳಸೋಕೆ ತ್ರಾಸದಾಯಕ ಅನ್ನೋದೂ ನಿಜ. ನಾನು ಹಾಕ್ಕೊಂಡಿರೋ ಗೆರೆ ಇಷ್ಟೇ: ನಾನೊಬ್ಬನೇ ಬಳಸಿ ಮುಗಿಸೋದಕ್ಕೆ ಯಾವುದಾದ್ರೂ ನಡೆಯುತ್ತೆ. ನನ್ನ ನಂತರ ಇನ್ನೊಬ್ಬರು ತೆರೆದು ಓದಬೇಕಾದ್ದು, ಅಂದ್ರೆ ಶಾಲೆಯ ದಾಖಲೆ, ಸಂಘದ ಲೆಕ್ಕ, ಮನೆತನದ ಕಾಗದಪತ್ರ, ಮುಕ್ತ ರೂಪದಲ್ಲೇ ಇರಬೇಕು.

ಈ ಜವಾಬ್ದಾರಿಯ ಹೆಚ್ಚಿನ ಪಾಲು ನಮ್ಮಂಥವರದ್ದು. ನಾವು ಸಂಬಳ ತಗೊಳ್ಳೋದೇ ಲಿನಕ್ಸ್, ಗಿಟ್ ಥರದ ಮುಕ್ತ ಕೆಲಸದ ಮೇಲೆ ನಿಂತು. ಊರಿಂದ ಫೋನ್ ಮಾಡಿ "ಸಂಘದ ಲೆಕ್ಕಕ್ಕ ಯಾವ ಸಾಫ್ಟ್‌ವೇರ್ ಹಾಕೂಣ?" ಅಂತ ಕೇಳೋದೂ ನಮ್ಮನ್ನೇ. ರೇಟು ಎಷ್ಟು, ಸ್ಟಾರ್ ಎಷ್ಟು ಅಂತ ನೋಡೋಕೆ ಮುಂಚೆ ಅವರ ಪರವಾಗಿ ಒಂದು ವಿಚಾರ ತಿಳ್ಕೊಂಡು ಹೇಳಿ: ನಾಳೆ ಇದನ್ನ ಬಿಡಬೇಕು ಅಂದ್ರೆ, ಹತ್ತು ವರ್ಷದ ಲೆಕ್ಕ ಅವರ ಜೊತೆ ಹೊರಗೆ ಬರುತ್ತಾ?