ಒಂದು ಎಳೆ ಹರಿದಾಗ

ಸೈಕಲ್ಲಿನ ಬ್ರೇಕಿನ ತಂತಿ ಒಂದೇ ಏಟಿಗೆ ಹರಿಯುವುದು ಅಪರೂಪ. ಉಕ್ಕಿನ ಸಣ್ಣ ಎಳೆಗಳನ್ನು ಹೊಸೆದು ಮಾಡಿದ ಅದು, ಹಿಡಿಕೆಯೊಳಗಿನ ಗುಂಡಿನ ಬುಡದಲ್ಲಿ ಒಂದೊಂದೇ ಎಳೆಯಾಗಿ ಕಡಿಯುತ್ತ ಬರುತ್ತದೆ. ಹೊರಗಿನ ಕೊಳವೆ ಗಿಡ್ಡವಾದರೆ ಹ್ಯಾಂಡಲ್ ತಿರುಗಿದಾಗಲೆಲ್ಲ ತಂತಿ ಜಗ್ಗುತ್ತದೆ. ಡೊಂಕುಬಿದ್ದರೆ ಒಳಗೊಳಗೇ ಸವೆಯುತ್ತದೆ.

ಕಳೆದ ಚಳಿಗಾಲ ಸುರಪುರದಿಂದ ಬೋನಾಳ ಕೆರೆಯ ಹಕ್ಕಿಗಳನ್ನು ನೋಡಲು ಹೊರಟ ಬೆಳಿಗ್ಗೆ, ಹರಿದ ಎಳೆಯೊಂದು ಬೆರಳಿಗೆ ಚುಚ್ಚಿತು. ಉಳಿದವು ಇವೆಯಲ್ಲ ಎಂದುಕೊಂಡೆ. (ಹಿಂದಿನ ಬ್ರೇಕು ಮೊದಲೇ ಸಡಿಲವಾಗಿತ್ತೆಂಬುದನ್ನೂ ಹೇಳಿಬಿಡಬೇಕು.) ಕೆರೆಯ ಏರಿ ಇಳಿಯುವಾಗ ತಂತಿ ಕೈಕೊಟ್ಟಿತು. ಮುಂದೆ ಕುರಿ ಕಾಯುವ ಹುಡುಗ. ಕಾಲೂರಿ, ಜಾಲಿಯ ಪೊದೆಗೆ ನುಗ್ಗಿ ಬಿದ್ದೆ. ಅವನೇ ಓಡಿಬಂದು, “ಪೆಟ್ಟಾತೇನ್ರಿ ಕಾಕಾ?” ಎಂದು ಎಬ್ಬಿಸಿದ.

ಅವನಿಗೆ ಏನೂ ಆಗಲಿಲ್ಲವೆಂದು ನನ್ನ ತಪ್ಪು ಚಿಕ್ಕದಾಯಿತೆ? ಲೋಕ ಹಾಗೆಂದೇ ಎಣಿಸುತ್ತದೆ. ಆದರೆ ನಮ್ಮಿಬ್ಬರ ನಡುವೆ ಉಳಿದ ಎರಡು ಮಾರು ನನ್ನ ಸಂಪಾದನೆಯಲ್ಲ. ನನ್ನ ಕೈಯಲ್ಲಿದ್ದುದು ಬೆಳಗಿನ ಹತ್ತು ನಿಮಿಷ ಮಾತ್ರ, ಅದನ್ನು ಉಳಿಸಿಕೊಂಡಿದ್ದೆ. ಪೆಡಲು ತುಳಿಯುವುದು ನನ್ನ ಪ್ರಯಾಣಕ್ಕೆ. ಬ್ರೇಕಿನ ಮೇಲೆ ದಾರಿಹೋಕನಿಗೂ ಹಕ್ಕುಂಟು, ಆದರೆ ಅವನು ಅದನ್ನು ಒತ್ತಿ ನೋಡಲಾರ.

ಸಂಜೆ ಹೊಸ ತಂತಿ ಹಾಕಿ, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿದೆ. ಎಲ್ಲಿಯೂ ಜಗ್ಗಲಿಲ್ಲ. ಹಿಂದಿನದನ್ನೂ ಬಿಗಿಮಾಡಿದೆ.